ಪಾಡ್‌ಕಾಸ್ಟ್ ಎಂಬ ಪದ ಎಲ್ಲಿಂದ ಬಂತು?

ಪ್ರಶ್ನೆ: ಈಗ ಮನೆಯ ಮಕ್ಕಳಿಂದ ಹಿಡಿದು ಪತ್ರಿಕೆಗಳವರೆಗೆ ಎಲ್ಲರೂ ‘ಪಾಡ್‌ಕಾಸ್ಟ್’ ಎನ್ನುತ್ತಾರೆ. ಈ ಪದದ ಮೂಲವೇನು? ಪಿ-ಓ-ಡಿ ಎಂದರೆ ‘ಪರ್ಸನಲ್ ಆನ್ ಡಿಮಾಂಡ್’, ಅದರಿಂದಲೇ ಈ ಪದ ಹುಟ್ಟಿತು ಎನ್ನುತ್ತಾನೆ ನನ್ನ ಮೊಮ್ಮಗ. ನಿಘಂಟು ತೆಗೆದರೆ ‘ಪಾಡ್’ ಎಂದರೆ ಕಾಳಿರುವ ಕಾಯಿ, ‘ಕಾಸ್ಟ್’ ಎಂದರೆ ಎಸೆಯುವುದು ಎಂದಿದೆ. ಎರಡನ್ನೂ ಕೂಡಿಸಿದರೆ ಏನೂ ಅರ್ಥವಾಗುವುದಿಲ್ಲ. ಇದು ನಮ್ಮ ಸಮಾಸದಂಥದ್ದೇ, ಬೇರೆಯೇ?
— ಓದುಗರೊಬ್ಬರು, ತುಮಕೂರು

ಉತ್ತರ: ಕೇಳಿದ್ದು ಬಹಳ ಒಳ್ಳೆಯದಾಯಿತು. ದಿನವೂ ಕಿವಿಗೆ ಬೀಳುವ ಪದವನ್ನು ತಡೆದು ನಿಲ್ಲಿಸಿ, ‘ನೀನು ಯಾರ ಮನೆಯವನು’ ಎಂದು ವಿಚಾರಿಸುವವರು ಕಡಿಮೆ. ನಿಮಗೆ ಗೊಂದಲವಾದದ್ದೂ ಸಹಜವೇ. ಈ ಪದವನ್ನು ಎರಡು ತುಂಡು ಮಾಡಿ ಒಂದೊಂದಕ್ಕೂ ನಿಘಂಟಿನಲ್ಲಿ ಅರ್ಥ ಹುಡುಕಿದರೆ ಯಾರಿಗಾದರೂ ದಾರಿ ತಪ್ಪುತ್ತದೆ. ಏಕೆಂದರೆ ಇಲ್ಲಿರುವ ಎರಡು ತುಂಡುಗಳೂ ಪೂರ್ಣ ಪದಗಳಲ್ಲ. ಬೇರೆ ಎರಡು ಪದಗಳಿಂದ ಕತ್ತರಿಸಿ ತೆಗೆದ ಚೂರುಗಳು. ಆ ಎರಡು ಪದಗಳು ‘ಐಪಾಡ್’ ಮತ್ತು ‘ಬ್ರಾಡ್‌ಕಾಸ್ಟ್’. ಐಪಾಡ್‌ನ ‘ಐ’ ಬಿತ್ತು, ಬ್ರಾಡ್‌ಕಾಸ್ಟ್‌ನ ‘ಬ್ರಾಡ್’ ಬಿತ್ತು, ಉಳಿದದ್ದು ಸೇರಿ ಪಾಡ್‌ಕಾಸ್ಟ್ ಆಯಿತು. ಚಿಕ್ಕ ಉತ್ತರ ಇಷ್ಟೇ. ಆದರೆ ನೀವು ಮೂಲ ಕೇಳಿದ್ದೀರಿ. ಮೂಲ ಹುಡುಕುತ್ತ ಹೋದರೆ ಈ ಪದ ನಮ್ಮನ್ನು ಹೊಲದವರೆಗೂ ಕರೆದುಕೊಂಡು ಹೋಗುತ್ತದೆ. ಆದ್ದರಿಂದ ಒಂದೊಂದಾಗಿ ನೋಡೋಣ.

ಮೊದಲು, ಈ ಪದವನ್ನು ಬರೆದವರು ಯಾರು, ಯಾವಾಗ? ಹೆಚ್ಚಿನ ಪದಗಳ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಪಾಡ್‌ಕಾಸ್ಟ್ ವಿಷಯದಲ್ಲಿ ಮಾತ್ರ ದಿನಾಂಕ ಸಮೇತ ಸಿಗುತ್ತದೆ. 2004ರ ಫೆಬ್ರವರಿ 12ರಂದು ಲಂಡನ್ನಿನ ‘ದಿ ಗಾರ್ಡಿಯನ್’ ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್‌ಲಿ ಎಂಬ ಪತ್ರಕರ್ತರ ಲೇಖನವೊಂದು ಪ್ರಕಟವಾಯಿತು. ಅಂತರಜಾಲದ ಮೂಲಕ ಯಾರು ಬೇಕಾದರೂ ಧ್ವನಿ ಕಾರ್ಯಕ್ರಮ ತಯಾರಿಸಿ ಹಂಚುವ ಹೊಸ ಹವ್ಯಾಸ ಆಗ ತಲೆಯೆತ್ತುತ್ತಿತ್ತು. ಅದಕ್ಕೆ ಇನ್ನೂ ಹೆಸರಿರಲಿಲ್ಲ. ಇದನ್ನು ಏನೆಂದು ಕರೆಯಬೇಕು ಎಂದು ಕೇಳುತ್ತ ಹ್ಯಾಮರ್ಸ್‌ಲಿ ಮೂರು ಹೆಸರುಗಳನ್ನು ಓದುಗರ ಮುಂದಿಟ್ಟರು: ಆಡಿಯೋಬ್ಲಾಗಿಂಗ್, ಪಾಡ್‌ಕಾಸ್ಟಿಂಗ್, ಗೆರಿಲ್ಲಾ ಮೀಡಿಯಾ. ಪುಟ ತುಂಬಲು ಒಂದು ವಾಕ್ಯ ಕಡಿಮೆ ಬಿದ್ದಿತ್ತು, ಸಂಪಾದಕರು ಕೇಳಿದ್ದರಿಂದ ಆ ಸಾಲು ಸೇರಿಸಿದೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಮೂರರಲ್ಲಿ ಎರಡನ್ನು ಜನ ಮರೆತರು, ಒಂದು ಪ್ರಪಂಚವೆಲ್ಲ ಸುತ್ತಿತು.

ಹಾಗೆಂದು ಆ ಲೇಖನ ಓದಿದ ಮರುದಿನವೇ ಎಲ್ಲರೂ ಈ ಪದ ಬಳಸತೊಡಗಲಿಲ್ಲ. ಏಳು ತಿಂಗಳು ಅದು ಸದ್ದಿಲ್ಲದೆ ಇತ್ತು. ಅಷ್ಟರಲ್ಲಿ ಇದರ ಹಿಂದಿನ ತಂತ್ರಾಂಶದ ಕೆಲಸ ಮುಂದುವರಿದಿತ್ತು. ವಸ್ತುವಿಲ್ಲದೆ ಹೆಸರು ಬಾಳುವುದಿಲ್ಲವಾದ್ದರಿಂದ ಆ ಕೆಲಸ ಏನೆಂದು ಸ್ವಲ್ಪ ವಿವರಿಸಬೇಕು. ಜಾಲತಾಣಗಳು ತಮ್ಮಲ್ಲಿ ಹೊಸದಾಗಿ ಏನು ಬಂದಿದೆ ಎಂಬ ಪಟ್ಟಿಯೊಂದನ್ನು ಕಡತದ ರೂಪದಲ್ಲಿ ಇಟ್ಟಿರುತ್ತವೆ. ಅದಕ್ಕೆ ಆರ್‌ಎಸ್‌ಎಸ್ ಫೀಡ್ ಎಂದು ಹೆಸರು. ನಿಮ್ಮ ಕಂಪ್ಯೂಟರಿನ ತಂತ್ರಾಂಶ ಆಗಾಗ ಹೋಗಿ ಆ ಪಟ್ಟಿ ನೋಡಿಕೊಂಡು ಬರುತ್ತದೆ, ಹೊಸದಿದ್ದರೆ ತರುತ್ತದೆ. ಮೊದಲು ಹೀಗೆ ಬರುತ್ತಿದ್ದದ್ದು ಬರಹ ಮಾತ್ರ. 2000ದ ಡಿಸೆಂಬರ್‌ನಲ್ಲಿ ಡೇವ್ ವೈನರ್ ಎಂಬ ತಂತ್ರಜ್ಞರು ಈ ಪಟ್ಟಿಗೆ ಧ್ವನಿ ಕಡತವನ್ನೂ ಲಗತ್ತಿಸಲು ಅನುಕೂಲ ಮಾಡಿದರು. 2003ರಲ್ಲಿ ಕ್ರಿಸ್ಟೋಫರ್ ಲೈಡನ್ ಎಂಬ ರೇಡಿಯೋ ಪತ್ರಕರ್ತರು ನಡೆಸಿದ ಸಂದರ್ಶನಗಳು ಹೀಗೆಯೇ ಹಂಚಿಕೆಯಾದವು. ಎಂಟಿವಿಯಲ್ಲಿ ನಿರೂಪಕರಾಗಿದ್ದ ಆ್ಯಡಂ ಕರಿ, ಹೀಗೆ ಇಳಿದ ಕಡತ ತಾನಾಗಿಯೇ ಐಪಾಡ್ ಎಂಬ ಜೇಬಿನ ಹಾಡುಪೆಟ್ಟಿಗೆಗೆ ಹೋಗಿ ಕೂರುವಂತೆ ಮಾಡಲು ಹೊರಟರು. 2004ರ ಆಗಸ್ಟ್‌ನಲ್ಲಿ ‘ಡೈಲಿ ಸೋರ್ಸ್ ಕೋಡ್’ ಎಂಬ ತಮ್ಮದೇ ಕಾರ್ಯಕ್ರಮವನ್ನೂ ಆರಂಭಿಸಿದರು. ರಾತ್ರಿ ಮಲಗುವಾಗ ಉಪಕರಣವನ್ನು ಕಂಪ್ಯೂಟರಿಗೆ ಸಿಕ್ಕಿಸಿಟ್ಟರೆ ಸಾಕು, ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೊಸ ಕಂತು ಜೇಬಿನಲ್ಲಿರುತ್ತಿತ್ತು.

ಈ ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದವರ ನಡುವೆ, 2004ರ ಸೆಪ್ಟೆಂಬರ್‌ನಲ್ಲಿ ಡ್ಯಾನಿ ಗ್ರೆಗೊಯರ್ ಎಂಬುವವರು ‘ಪಾಡ್‌ಕಾಸ್ಟರ್’, ‘ಪಾಡ್‌ಕಾಸ್ಟಿಂಗ್’ ಎಂದು ಬರೆದರು. ಕರಿ ಮತ್ತು ಉಳಿದವರು ಅದನ್ನೇ ಹಿಡಿದುಕೊಂಡರು. ಅದೇ ತಿಂಗಳ 28ರಂದು ಡಾಕ್ ಸರ್ಲ್ಸ್ ಎಂಬ ಬರಹಗಾರರು ಗೂಗಲ್‌ನಲ್ಲಿ ಈ ಪದ ಹುಡುಕಿದಾಗ ಸಿಕ್ಕಿದ್ದು 24 ಫಲಿತಾಂಶ. ಒಂದು ವರ್ಷದಲ್ಲಿ ಇದು ಲಕ್ಷಗಟ್ಟಲೆ ಆಗುತ್ತದೆ ಎಂದು ಅವರು ಬರೆದಿಟ್ಟರು. 2005ರ ಜೂನ್ 28ರಂದು ಆ್ಯಪಲ್ ಸಂಸ್ಥೆ ತನ್ನ ಐಟ್ಯೂನ್ಸ್ ತಂತ್ರಾಂಶದಲ್ಲೇ ಪಾಡ್‌ಕಾಸ್ಟ್‌ಗಳಿಗೆ ಜಾಗ ಕೊಟ್ಟಿತು. ಎರಡೇ ದಿನದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಚಂದಾದಾರಿಕೆ ಆಯಿತೆಂದು ಸಂಸ್ಥೆ ಪ್ರಕಟಿಸಿತು. ಅದೇ ವರ್ಷದ ಕೊನೆಗೆ ‘ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿ’ ವರ್ಷದ ಪದವೆಂದು ಆರಿಸಿದ್ದು ‘ಪಾಡ್‌ಕಾಸ್ಟ್’ ಪದವನ್ನು. ಪುಟ ತುಂಬಲು ಬರೆದ ಸಾಲು ನಿಘಂಟು ಸೇರಲು ಎರಡು ವರ್ಷವೂ ಬೇಕಾಗಲಿಲ್ಲ. ಇಷ್ಟು ಬೇಗ ಬೇರು ಬಿಟ್ಟ ಪದಗಳು ತೀರ ವಿರಳ.

ಇನ್ನು ‘ಪಾಡ್’ ವಿಚಾರ. ಆ್ಯಪಲ್ ಸಂಸ್ಥೆ 2001ರ ಅಕ್ಟೋಬರ್ 23ರಂದು ಐಪಾಡನ್ನು ಅನಾವರಣ ಮಾಡಿತು. ಅಂಗೈಯಲ್ಲಿ ಹಿಡಿಯುವ ಬಿಳಿ ಪೆಟ್ಟಿಗೆ, ಒಳಗೆ 5 ಗಿಗಾಬೈಟ್ ಜಾಗ, ಸುಮಾರು ಸಾವಿರ ಹಾಡು ಹಿಡಿಸುತ್ತಿತ್ತು. ‘ಐ’ ಅಕ್ಷರವನ್ನು ಸಂಸ್ಥೆ 1998ರ ಐಮ್ಯಾಕ್ ಕಂಪ್ಯೂಟರಿನಿಂದಲೇ ಬಳಸುತ್ತಿತ್ತು. ಮೊದಲಿಗೆ ಅದು ‘ಇಂಟರ್‌ನೆಟ್’ ಎಂಬುದರ ಗುರುತು. ‘ಪಾಡ್’ ಎಂಬ ಭಾಗ ಸೂಚಿಸಿದವರು ವಿನ್ನಿ ಚೀಕೊ ಎಂಬ ಜಾಹೀರಾತು ಬರಹಗಾರರು. ಹಾಡು ಕೇಳುವ ಯಂತ್ರದ ಹೆಸರಿನಲ್ಲಿ ಹಾಡೂ ಇಲ್ಲ, ಸಂಗೀತವೂ ಇಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ಚೀಕೊ ಅವರ ಯೋಚನೆ ಬೇರೆ ದಿಕ್ಕಿನಲ್ಲಿ ಹರಿದಿತ್ತು. ಸ್ಟ್ಯಾನ್ಲಿ ಕುಬ್ರಿಕ್ ಅವರ 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದಲ್ಲಿ ದೊಡ್ಡ ಬಾಹ್ಯಾಕಾಶ ನೌಕೆಯಿಂದ ಹೊರಬಿದ್ದು ಮತ್ತೆ ಅದಕ್ಕೇ ಮರಳುವ ಪುಟ್ಟ ಬಿಳಿ ವಾಹನಗಳಿವೆ. ಅವುಗಳ ಹೆಸರು ‘ಪಾಡ್’. ಮನೆಯ ಕಂಪ್ಯೂಟರು ದೊಡ್ಡ ನೌಕೆ, ಈ ಪೆಟ್ಟಿಗೆ ಅದರಿಂದ ಹಾಡು ತುಂಬಿಸಿಕೊಂಡು ಹೊರಗೆ ಹೋಗಿ ಬರುವ ಪುಟ್ಟ ವಾಹನ ಎಂಬ ಕಲ್ಪನೆಯಿಂದ ಹೆಸರು ಹುಟ್ಟಿತು.

ಹಾಗಾದರೆ ಬಾಹ್ಯಾಕಾಶದ ಆ ವಾಹನಕ್ಕೆ ‘ಪಾಡ್’ ಎಂಬ ಹೆಸರೇಕೆ? ಇಲ್ಲಿಗೆ ಬಂದಾಗ ನೀವು ನಿಘಂಟಿನಲ್ಲಿ ನೋಡಿದ ಅರ್ಥ ಕೈಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಬಟಾಣಿ, ಅವರೆ, ತೊಗರಿಯಂಥ ಗಿಡಗಳ ಕಾಯಿಗೆ ‘ಪಾಡ್’ ಎನ್ನುವುದು ಹದಿನೇಳನೆಯ ಶತಮಾನದ ಕೊನೆಯಿಂದ ಕಾಣುತ್ತದೆ. ಅದಕ್ಕಿಂತ ಹಿಂದೆ ಯಾವ ಬೇರಿನಿಂದ ಬಂತೆಂಬ ವಿಷಯದಲ್ಲಿ ನಿಘಂಟುಕಾರರಲ್ಲಿ ಒಮ್ಮತವಿಲ್ಲ. ಅವರೆಕಾಯಿ ಬಿಡಿಸುವಾಗ ನೋಡಿರುತ್ತೀರಿ: ಉದ್ದನೆಯ ಕವಚ, ಒಳಗೆ ಮುಚ್ಚಟೆಯಾಗಿ ಕುಳಿತ ಕಾಳು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ವಿಮಾನ ತಯಾರಕರು ರೆಕ್ಕೆಯ ಕೆಳಗೆ ತೂಗುಬಿಟ್ಟ, ಎಂಜಿನ್ ಅಥವಾ ಇಂಧನ ತುಂಬಿದ ಉದ್ದುದ್ದನೆಯ ಗೂಡಿಗೆ ಇದೇ ಹೆಸರಿಟ್ಟರು. ಅಲ್ಲಿಂದ ನೌಕೆಯಿಂದ ಬೇರ್ಪಡುವ ಕೋಣೆಗೆ, ಕೋಣೆಯಿಂದ ಸಿನಿಮಾಕ್ಕೆ, ಸಿನಿಮಾದಿಂದ ಜೇಬಿನ ಪೆಟ್ಟಿಗೆಗೆ ಹೆಸರು ದಾಟಿತು. ನೀವು ನೋಡಿದ ಅರ್ಥ ತಪ್ಪಲ್ಲ, ಅದು ನಾಲ್ಕು ಮೆಟ್ಟಿಲು ಕೆಳಗಿದೆ ಅಷ್ಟೇ.

ಈಗ ನಿಮ್ಮ ಮೊಮ್ಮಗನ ಮಾತಿಗೆ ಬರೋಣ. ‘ಪರ್ಸನಲ್ ಆನ್ ಡಿಮಾಂಡ್’, ಇನ್ನು ಕೆಲವರ ಬಾಯಲ್ಲಿ ‘ಪೋರ್ಟಬಲ್ ಆನ್ ಡಿಮಾಂಡ್’ ಎಂಬ ವಿವರಣೆ ಬಹಳ ಕಡೆ ಹರಡಿದೆ. ಆತ ಅದನ್ನು ಎಲ್ಲೋ ಓದಿಯೇ ಹೇಳಿರಬೇಕು, ಅವನನ್ನು ಗದರಿಸಬೇಡಿ. ಆದರೆ ಅದು ಪದ ಹುಟ್ಟಿದ ಮೇಲೆ ಹೊಂದಿಸಿದ ವಿವರಣೆ. ಪರೀಕ್ಷಿಸುವುದು ಸುಲಭ. ಐಪಾಡ್ ಎಂಬ ಹೆಸರು 2001ರಲ್ಲೇ ಇತ್ತು, ಅದಕ್ಕೂ ಈ ಮೂರು ಪದಗಳಿಗೂ ಯಾವ ಸಂಬಂಧವೂ ಇರಲಿಲ್ಲ. ಹ್ಯಾಮರ್ಸ್‌ಲಿ 2004ರಲ್ಲಿ ಪಾಡ್‌ಕಾಸ್ಟಿಂಗ್ ಎಂದು ಬರೆದಾಗ ಐಪಾಡ್‌ನಂಥ ಉಪಕರಣಗಳ ಮಾತೇ ಆ ಲೇಖನದಲ್ಲಿತ್ತು. ಒಂದು ಖಾಸಗಿ ಸಂಸ್ಥೆಯ ಸರಕಿನ ಹೆಸರು ಎಲ್ಲರ ಮಾಧ್ಯಮಕ್ಕೆ ಅಂಟಿಕೊಂಡದ್ದು ಕೆಲವರಿಗೆ ಹಿಡಿಸಲಿಲ್ಲ. ಲಿಯೋ ಲಪೋರ್ಟ್ ಎಂಬ ಪ್ರಸಿದ್ಧ ನಿರೂಪಕರು ಇದರ ಬದಲು ‘ನೆಟ್‌ಕಾಸ್ಟ್’ ಎನ್ನೋಣ ಎಂದು ಒತ್ತಾಯಿಸಿದರು, ಜನ ಕೇಳಲಿಲ್ಲ. ಹೆಸರನ್ನು ಬದಲಿಸಲು ಆಗದಿದ್ದಾಗ ಅದಕ್ಕೆ ಬೇರೆ ಅರ್ಥ ಕಟ್ಟಿಕೊಡುವುದು ಇನ್ನೊಂದು ದಾರಿ. ಮೂರಕ್ಷರಕ್ಕೆ ಮೂರು ಪದ ಜೋಡಿಸಿದ್ದು ಆ ದಾರಿಯಲ್ಲಿ ಬಹಳ ಒದಗಿಬಂತು.

ಇದೇ ಜಾತಿಯ ಇನ್ನೊಂದು ವಿವರಣೆಯನ್ನು ನೀವು ಶಾಲೆಯಲ್ಲೇ ಕೇಳಿರುತ್ತೀರಿ: ‘ನ್ಯೂಸ್’ ಎಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್, ನಾಲ್ಕೂ ದಿಕ್ಕಿನ ಸುದ್ದಿ ಎಂದು. ಕೇಳಲು ಸೊಗಸಾಗಿದೆ, ನಿಜವಲ್ಲ. ‘ನ್ಯೂ’ ಎಂದರೆ ಹೊಸದು. ಅದರ ಬಹುವಚನ ‘ನ್ಯೂಸ್’, ಹೊಸ ಸಂಗತಿಗಳು. ಹಾಗೆಂದು ಅಕ್ಷರ ಕೂಡಿಸಿ ಮಾಡಿದ ಪದಗಳೇ ಇಲ್ಲವೆಂದಲ್ಲ. ‘ರೇಡಾರ್’ ನಿಜವಾಗಿಯೂ ಹಾಗೆ ಹುಟ್ಟಿದ್ದು, ‘ಲೇಸರ್’ ಕೂಡ. ಆದರೆ ಇವೆಲ್ಲ ಇಪ್ಪತ್ತನೆಯ ಶತಮಾನದ ರೂಢಿ. ಹಳೆಯ ಪದವೊಂದಕ್ಕೆ ಯಾರಾದರೂ ಅಕ್ಷರಕ್ಕೊಂದು ಪದ ಬಿಡಿಸಿ ಹೇಳಿದರೆ ಮೊದಲು ಸಂಶಯಪಡುವುದು ಒಳ್ಳೆಯದು.

ಈಗ ‘ಕಾಸ್ಟ್’. ನನಗೆ ಈ ಪದದ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು. ‘ಬ್ರಾಡ್‌ಕಾಸ್ಟ್’ ಎಂದೊಡನೆ ನಮಗೆ ರೇಡಿಯೋ ನೆನಪಾಗುತ್ತದೆ. ರೇಡಿಯೋ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ, ಹದಿನೆಂಟನೆಯ ಶತಮಾನದಲ್ಲೇ, ಈ ಪದ ಇಂಗ್ಲಿಷ್ ರೈತರ ಬಾಯಲ್ಲಿತ್ತು. ‘ಬ್ರಾಡ್’ ಎಂದರೆ ಅಗಲ, ‘ಕಾಸ್ಟ್’ ಎಂದರೆ ಎಸೆ: ಬೀಜವನ್ನು ಕೈಯಿಂದ ಅಗಲವಾಗಿ ಎರಚಿ ಬಿತ್ತುವುದೇ ಬ್ರಾಡ್‌ಕಾಸ್ಟ್. ಮಡಿಲಿನಲ್ಲೋ ಬುಟ್ಟಿಯಲ್ಲೋ ಬೀಜ ತುಂಬಿಕೊಂಡು, ಹೆಜ್ಜೆ ಹಾಕುತ್ತ, ಹಿಡಿಹಿಡಿಯಾಗಿ ತೆಗೆದು ಅರ್ಧವೃತ್ತದಲ್ಲಿ ಕೈ ಬೀಸುವ ಬಿತ್ತನೆ. ಇಂಗ್ಲೆಂಡಿನಲ್ಲಿ ಜೆತ್ರೋ ಟಲ್ 1701ರಲ್ಲಿ ಸಾಲಾಗಿ ಬೀಜ ಬಿಡುವ ಯಂತ್ರ ಮಾಡಿದ ಮೇಲೆ ಎರಡು ಪದ್ಧತಿಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ದೀರ್ಘಕಾಲ ನಡೆಯಿತು. ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಗಿಯನ್ನು ಎರಚಿ ಬಿತ್ತುವವರೂ ಇದ್ದಾರೆ, ಕೂರಿಗೆಯ ಬಟ್ಟಲಿಗೆ ಬೀಜ ಬಿಟ್ಟು ಬಿದಿರಿನ ಕೊಳವೆಗಳ ಮೂಲಕ ಸಾಲು ಹಿಡಿಸುವವರೂ ಇದ್ದಾರೆ. ಇಂದಿಗೂ ಕೃಷಿ ವಿಜ್ಞಾನದ ಇಂಗ್ಲಿಷ್ ಪುಸ್ತಕ ತೆರೆದರೆ ಎರಚು ಬಿತ್ತನೆಗೆ ‘ಬ್ರಾಡ್‌ಕಾಸ್ಟಿಂಗ್’ ಎಂದೇ ಇದೆ.

ಈ ಪದದ ಎರಡು ತುಂಡುಗಳ ಕುಲವೂ ಬೇರೆಬೇರೆ. ‘ಬ್ರಾಡ್’ ಹಳೆಯ ಇಂಗ್ಲಿಷಿನದೇ ಪದ. ‘ಕಾಸ್ಟ್’ ಹೊರಗಿನಿಂದ, ಇಂಗ್ಲೆಂಡಿಗೆ ದಾಳಿಯಿಟ್ಟು ಅಲ್ಲೇ ನೆಲೆಸಿದ ಉತ್ತರದ ಸ್ಕ್ಯಾಂಡಿನೇವಿಯನ್ನರ ನುಡಿಯಿಂದ ಬಂದದ್ದು. ಅವರಲ್ಲಿ ಅದು ‘ಕಸ್ತ’. ಎಸೆಯುವುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಬೇರೆ ಕ್ರಿಯಾಪದವಿತ್ತು. ಬಂದ ಪದ ಅದನ್ನು ಪಕ್ಕಕ್ಕೆ ಸರಿಸಿತು. ಮುಂದೆ ‘ಥ್ರೋ’ ಬಂದು ಇದನ್ನೂ ಸರಿಸಿತು. ಈಗ ಇಂಗ್ಲಿಷರು ಚೆಂಡನ್ನು ‘ಕಾಸ್ಟ್’ ಮಾಡುವುದಿಲ್ಲ, ಬಲೆಯನ್ನೋ ಮತವನ್ನೋ ಮಾತ್ರ ಮಾಡುತ್ತಾರೆ.

ಬೀಜದ ಪದ ರೇಡಿಯೋಗೆ ಹೇಗೆ ಬಂತು? ನಿಸ್ತಂತು ತಂತ್ರಜ್ಞಾನ ಮೊದಲು ಬಂದದ್ದು ತಂತಿ ಸಂದೇಶದ ಬದಲಿಗೆ. ಇಲ್ಲಿಂದ ಒಬ್ಬ ಕಳಿಸಬೇಕು, ಅಲ್ಲಿ ಒಬ್ಬ ಪಡೆಯಬೇಕು, ಅಷ್ಟೇ ಅದರ ಗುರಿ. ದಾರಿಯಲ್ಲಿ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು ಎಂಬುದು ಆಗ ದೋಷವಾಗಿ ಕಂಡಿತ್ತು. ಆ ದೋಷವನ್ನೇ ಗುಣವೆಂದು ನೋಡಿದಾಗ ರೇಡಿಯೋ ಪ್ರಸಾರ ಹುಟ್ಟಿತು. 1920ರ ನವೆಂಬರ್ 2ರಂದು ಅಮೆರಿಕದ ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಕೇಳುವವರೆಲ್ಲರಿಗೂ ಬಿತ್ತರಿಸಿತು. ಯಾರು ಕೇಳುತ್ತಾರೆ, ಎಷ್ಟು ಜನ ಕೇಳುತ್ತಾರೆ ಎಂದು ತಿಳಿಯದೆ ಸುತ್ತಲೂ ಎರಚುವ ಈ ಕೆಲಸಕ್ಕೆ ಹೊಲದ ಪದ ಚೆನ್ನಾಗಿ ಹೊಂದಿತು. 1922ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಂಪನಿ, ಅಂದರೆ ಈಗಿನ ಬಿಬಿಸಿಯ ಮೊದಲ ರೂಪ, ಸ್ಥಾಪನೆಯಾದಾಗ ಆ ಪದ ಸಂಸ್ಥೆಯ ಹೆಸರಿನಲ್ಲೇ ನಿಂತಿತು. ನಮ್ಮಲ್ಲಿ 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದಾಗ ಅದು ಪಡೆದ ಹೆಸರು ‘ಆಕಾಶವಾಣಿ’. ಮುಂದೆ ದೇಶದ ರೇಡಿಯೋ ಸಂಸ್ಥೆಯೂ ಅದನ್ನೇ ತನ್ನದಾಗಿಸಿಕೊಂಡಿತು. ಇಂಗ್ಲಿಷರು ನೆಲ ನೋಡಿದರು, ನಮ್ಮವರು ಬಾನು ನೋಡಿದರು.

ಇಲ್ಲೊಂದು ಮಾತು ಸೇರಿಸಬೇಕು. ಮೇಲೆ ‘ಬಿತ್ತರಿಸಿತು’ ಎಂದು ಬರೆದೆ. ಬ್ರಾಡ್‌ಕಾಸ್ಟ್‌ನಲ್ಲಿ ಬಿತ್ತನೆ ಇರುವಂತೆ ಕನ್ನಡದ ‘ಬಿತ್ತರ’ದಲ್ಲೂ ‘ಬಿತ್ತು’ ಇದೆ ಎಂದು ಅನೇಕರು ಸಂತೋಷದಿಂದ ಹೇಳುವುದುಂಟು. ಹಾಗಿಲ್ಲ. ‘ಬಿತ್ತರ’ ಸಂಸ್ಕೃತದ ‘ವಿಸ್ತಾರ’ದ ತದ್ಭವ. ‘ಬಿತ್ತು’ ನಮ್ಮದೇ ದ್ರಾವಿಡ ಧಾತು. ಎರಡೂ ಒಂದೇ ಧ್ವನಿಗೆ ಬಂದು ನಿಂತದ್ದು ಆಕಸ್ಮಿಕ.

‘ಬ್ರಾಡ್‌ಕಾಸ್ಟ್’ ರೇಡಿಯೋದ ಪದವಾದ ಮೇಲೆ ಅದರ ಬಾಲಕ್ಕೆ ಬೇಡಿಕೆ ಬಂತು. 1930ರ ದಶಕದಲ್ಲೇ ‘ನ್ಯೂಸ್‌ಕಾಸ್ಟ್’, ‘ಟೆಲಿಕಾಸ್ಟ್’ ಹುಟ್ಟಿದವು. ರೇಡಿಯೋ ಮತ್ತು ಟಿವಿ ಎರಡರಲ್ಲೂ ಏಕಕಾಲಕ್ಕೆ ಬರುವುದಕ್ಕೆ 1948ರಲ್ಲಿ ‘ಸೈಮಲ್‌ಕಾಸ್ಟ್’ ಎಂದರು. 1990ರ ದಶಕದಲ್ಲಿ ‘ವೆಬ್‌ಕಾಸ್ಟ್’ ಬಂತು. ಅಂದರೆ 2004ರ ಹೊತ್ತಿಗೆ ‘-ಕಾಸ್ಟ್’ ಎಂಬುದು ‘ಎಲ್ಲರಿಗೂ ಹಂಚುವ ಕಾರ್ಯಕ್ರಮ’ ಎಂಬ ಅರ್ಥದ ಪ್ರತ್ಯಯದಂತೆಯೇ ಆಗಿಹೋಗಿತ್ತು. ಹ್ಯಾಮರ್ಸ್‌ಲಿ ಅದರ ಮುಂದೆ ‘ಪಾಡ್’ ಇಟ್ಟರೆ ಸಾಕಾಯಿತು, ಯಾರಿಗೂ ವಿವರಿಸಬೇಕಾಗಲಿಲ್ಲ. ಇದಕ್ಕೆ ಇನ್ನೊಂದು ಅನುಕೂಲವೂ ಒದಗಿತು: ‘ಬ್ರಾಡ್’ ಮತ್ತು ‘ಪಾಡ್’ ಬಹುಮಟ್ಟಿಗೆ ಪ್ರಾಸ ಕೂಡುವ ಪದಗಳು. ಕನ್ನಡ ಲಿಪಿಯಲ್ಲಿ ಬರೆದಾಗ ಅದು ಇನ್ನೂ ಸ್ಪಷ್ಟ. ಕಿವಿಗೆ ಹಳೆಯ ಪದದ ನೆನಪು ಉಳಿಯುವಂತೆ ಹೊಸ ಪದ ಕೂತುಕೊಂಡಿತು.

ಈ ಗುಂಪಿಗೆ ಸೇರದ ಕೆಲವು ಪದಗಳೂ ಇವೆ. ಹವಾಮಾನದ ‘ಫೋರ್‌ಕಾಸ್ಟ್’ನಲ್ಲಿರುವುದು ಅದೇ ‘ಕಾಸ್ಟ್’ ಧಾತುವೇ ಆದರೂ ಅದು ಬ್ರಾಡ್‌ಕಾಸ್ಟ್‌ನಿಂದ ಕತ್ತರಿಸಿದ್ದಲ್ಲ. ಮುಂಚಿತವಾಗಿ ಎಣಿಸುವುದು ಎಂಬ ಅರ್ಥದಲ್ಲಿ ಅದು ಶತಮಾನಗಳಷ್ಟು ಹಳೆಯದು. 1861ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಹವಾಮಾನ ಮುನ್ಸೂಚನೆ ಆರಂಭಿಸಿದ ರಾಬರ್ಟ್ ಫಿಟ್ಜ್‌ರಾಯ್ ಅದನ್ನು ಹವಾಮಾನಕ್ಕೆ ಒಗ್ಗಿಸಿದರು. ಇನ್ನೊಂದು ತೊಡಕು ನಮ್ಮ ಲಿಪಿಯಿಂದಲೇ ಆಗುತ್ತದೆ. ಕನ್ನಡದಲ್ಲಿ ‘ಕಾಸ್ಟ್’ ಎಂದು ಬರೆದರೆ ಜಾತಿಯೂ ಆಗಬಹುದು, ಬೆಲೆಯೂ ಆಗಬಹುದು, ಎಸೆತವೂ ಆಗಬಹುದು. ಇಂಗ್ಲಿಷಿನಲ್ಲಿ ಇವು ಮೂರೂ ಬೇರೆ ಪದಗಳು, ಮೂರಕ್ಕೂ ಬೇರೆ ಮೂಲ. ಜಾತಿಯ ‘ಕಾಸ್ಟ್’ ಪೋರ್ಚುಗೀಸರ ‘ಕಾಸ್ತ’, ಅಂದರೆ ಕುಲ ಅಥವಾ ತಳಿ ಎಂಬ ಪದದಿಂದ ಬಂದದ್ದು. ಬೆಲೆಯ ‘ಕಾಸ್ಟ್’ ಲ್ಯಾಟಿನ್‌ನಿಂದ ಫ್ರೆಂಚಿನ ಮೂಲಕ ಬಂದದ್ದು. ಪಾಡ್‌ಕಾಸ್ಟ್‌ಗೆ ಇವೆರಡರ ನೆಂಟಸ್ತನ ಇಲ್ಲ.

ಕೊನೆಗೆ ನಿಮ್ಮ ಸಮಾಸದ ಪ್ರಶ್ನೆ. ಇದನ್ನು ಕೇಳಿದ್ದಕ್ಕೆ ವಿಶೇಷವಾಗಿ ಸಂತೋಷವಾಯಿತು, ಏಕೆಂದರೆ ಕನ್ನಡ ವ್ಯಾಕರಣ ತಿಳಿದವರಿಗೆ ಈ ವ್ಯತ್ಯಾಸ ಬೇಗ ಹಿಡಿಯುತ್ತದೆ. ‘ಬ್ರಾಡ್‌ಕಾಸ್ಟ್’ ಸಮಾಸದಂಥದ್ದು. ಎರಡು ಪದ ಇಡಿಯಾಗಿ ನಿಂತಿವೆ, ಬಿಡಿಸಿದರೆ ವಿಗ್ರಹವಾಕ್ಯ ಸಿಗುತ್ತದೆ. ಒಂದು ಇಂಗ್ಲಿಷ್, ಇನ್ನೊಂದು ಹೊರಗಿನದು ಆದ್ದರಿಂದ ನಮ್ಮ ಹಳೆಯ ವ್ಯಾಕರಣಕಾರರು ಅದನ್ನು ಅರಿಸಮಾಸ ಎನ್ನುತ್ತಿದ್ದರೇನೋ. ನಮ್ಮ ‘ನಡುರಾತ್ರಿ’ಯಲ್ಲಿ ಕನ್ನಡದ ‘ನಡು’ವಿಗೆ ಸಂಸ್ಕೃತದ ‘ರಾತ್ರಿ’ ಸೇರಿದ ಹಾಗೆ. ‘ಪಾಡ್‌ಕಾಸ್ಟ್’ನಲ್ಲಿ ಪದಗಳು ಇಡಿಯಾಗಿ ಉಳಿದಿಲ್ಲ. ಇ-ಮೇಲ್‌ಗೆ ನಾವು ಕಟ್ಟಿಕೊಂಡ ‘ಮಿಂಚಂಚೆ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಿಂಚು, ಅಂಚೆ ಸೇರುವಾಗ ಒಂದು ಉಕಾರ ಲೋಪವಾಯಿತು. ಅದು ಲೋಪಸಂಧಿ, ನಿಯಮಕ್ಕೆ ಒಳಪಟ್ಟದ್ದು, ಬಿಡಿಸಿದರೆ ಎರಡೂ ಪದ ಮತ್ತೆ ಕೈಗೆ ಬರುತ್ತವೆ. ‘ಪಾಡ್‌ಕಾಸ್ಟ್’ನಲ್ಲಿ ಲೋಪವಾದದ್ದು ಅರ್ಧ ಪದವೇ. ಯಾವ ಸಂಧಿ ನಿಯಮದಿಂದಲೂ ಅದನ್ನು ಮರಳಿ ಪಡೆಯಲು ಸಾಧ್ಯವಿಲ್ಲ. ಹುಟ್ಟಿದ ಕಥೆ ಗೊತ್ತಿದ್ದರೆ ಮಾತ್ರ ಅರ್ಥ ಗೊತ್ತಾಗುತ್ತದೆ. ನಿಮಗೆ ಎರಡನ್ನೂ ಕೂಡಿಸಿ ಅರ್ಥವಾಗದೇ ಹೋದದ್ದು ಇದಕ್ಕೇ.

ಇಂಥ ಪದಗಳಿಗೆ ಇಂಗ್ಲಿಷಿನಲ್ಲಿ ‘ಪೋರ್ಟ್‌ಮ್ಯಾಂಟೋ’ ಪದಗಳು ಎನ್ನುತ್ತಾರೆ. ಪೋರ್ಟ್‌ಮ್ಯಾಂಟೋ ಎಂದರೆ ನಡುವೆ ಮಡಚಿ ಎರಡು ಭಾಗವಾಗುವ ಪ್ರಯಾಣದ ಪೆಟ್ಟಿಗೆ. 1871ರಲ್ಲಿ ಬಂದ ‘ಥ್ರೂ ದ ಲುಕಿಂಗ್ ಗ್ಲಾಸ್’ ಪುಸ್ತಕದಲ್ಲಿ ಲೂಯಿಸ್ ಕ್ಯಾರಲ್ ಒಂದು ಪದದೊಳಗೆ ಎರಡು ಅರ್ಥ ತುಂಬಿದ ಪದಗಳಿಗೆ ಈ ಹೆಸರು ಕೊಟ್ಟರು. ಹೆಸರು ಆಗ ಬಂತಾದರೂ ಅಭ್ಯಾಸ ಅದಕ್ಕೂ ಹಳೆಯದು. 1812ರಲ್ಲೇ ಅಮೆರಿಕದ ಪತ್ರಿಕೆಯೊಂದು ಗವರ್ನರ್ ಗೆರಿ ಅವರ ಹೆಸರಿಗೆ ‘ಸಾಲಮಾಂಡರ್’ ಎಂಬ ಪ್ರಾಣಿಯ ಬಾಲ ಸೇರಿಸಿ ‘ಜೆರಿಮ್ಯಾಂಡರ್’ ಎಂದಿತ್ತು. ಚುನಾವಣಾ ಕ್ಷೇತ್ರದ ಗಡಿಯನ್ನು ಪಕ್ಷಕ್ಕೆ ಲಾಭವಾಗುವಂತೆ ಎಳೆಯುವುದಕ್ಕೆ ಇಂದಿಗೂ ಅದೇ ಪದ. ಸಾಮಾನ್ಯವಾಗಿ ಇಂಥ ಪದಗಳಲ್ಲಿ ಮೊದಲನೆಯದರ ತಲೆ, ಎರಡನೆಯದರ ಬಾಲ ಇರುತ್ತವೆ. ಬ್ರೇಕ್‌ಫಾಸ್ಟ್ ಮತ್ತು ಲಂಚ್ ಸೇರಿ ‘ಬ್ರಂಚ್’, ಸ್ಮೋಕ್ ಮತ್ತು ಫಾಗ್ ಸೇರಿ ‘ಸ್ಮಾಗ್’, ಮೋಟರ್ ಮತ್ತು ಹೋಟೆಲ್ ಸೇರಿ ‘ಮೋಟೆಲ್’. ಪಾಡ್‌ಕಾಸ್ಟ್‌ನಲ್ಲಿ ಮಾತ್ರ ಎರಡೂ ಪದಗಳ ತಲೆ ಹೋಗಿ ಎರಡೂ ಬಾಲಗಳು ಉಳಿದಿವೆ. ಇದು ಅಪರೂಪದ ಜೋಡಣೆ. ಕನ್ನಡದಲ್ಲಿ ಈ ಕತ್ತರಿ ಕೆಲಸ ನಮ್ಮ ಅಭ್ಯಾಸವಲ್ಲ, ಆದರೂ ‘ಕಂಗ್ಲಿಷ್’ ಎಂಬ ಒಂದನ್ನು ನಾವೆಲ್ಲ ಬಳಸುತ್ತೇವೆ.

ಪದದ ಅರ್ಥವನ್ನು ಗಮನಿಸಿದರೆ ಇನ್ನೂ ಒಂದು ವಿಷಯ ತಿಳಿಯುತ್ತದೆ. ಬ್ರಾಡ್‌ಕಾಸ್ಟ್ ಎಂದರೆ ಹೇಳುವವನು ತನ್ನ ಸಮಯಕ್ಕೆ ಎಲ್ಲರತ್ತ ಎರಚುವುದು. ಆರೂವರೆಯ ವಾರ್ತೆ ಆರೂವರೆಗೇ. ಪಾಡ್‌ಕಾಸ್ಟ್‌ನಲ್ಲಿ ಕೇಳುವವರು ತಮಗೆ ಬೇಕಾದದ್ದನ್ನು ಆರಿಸಿ, ಬೇಕಾದಾಗ ತರಿಸಿಕೊಂಡು, ಬೇಕಾದಲ್ಲಿ ನಿಲ್ಲಿಸಿ ಕೇಳುತ್ತಾರೆ. ಅಂದರೆ ಹೆಸರಿನಲ್ಲಿ ಎರಚುವ ಮಾತಿದೆ, ಕೆಲಸದಲ್ಲಿ ಅದಿಲ್ಲ. ಹೆಸರಿನ ಇನ್ನೊಂದು ಅರ್ಧವಾದ ಐಪಾಡ್ ಕೂಡ ಈಗಿಲ್ಲ. 2022ರ ಮೇ ತಿಂಗಳಲ್ಲಿ ಆ್ಯಪಲ್ ಅದರ ಕೊನೆಯ ಮಾದರಿಯನ್ನೂ ನಿಲ್ಲಿಸುವುದಾಗಿ ಪ್ರಕಟಿಸಿತು. ಆದರೂ ಪದ ಗಟ್ಟಿಯಾಗಿದೆ. ಒಮ್ಮೆ ಜನರ ಬಾಯಿಗೆ ಬಿದ್ದ ಹೆಸರು ಮೂಲ ವಸ್ತುವನ್ನು ಕಾಯುವುದಿಲ್ಲ. ನಮ್ಮ ಊರುಗಳ ‘ಜೆರಾಕ್ಸ್’ ಅಂಗಡಿಗಳಲ್ಲಿ ಆ ಕಂಪನಿಯ ಯಂತ್ರವೇ ಇರಬೇಕೆಂದು ಯಾರೂ ಕೇಳುವುದಿಲ್ಲವಲ್ಲ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ‘ತಲೆ-ಹರಟೆ’ಯಂಥ ಕನ್ನಡ ಕಾರ್ಯಕ್ರಮಗಳು ತಮ್ಮನ್ನು ಪಾಡ್‌ಕಾಸ್ಟ್ ಎಂದೇ ಕರೆದುಕೊಂಡಿವೆ, ಕೇಳುವವರೂ ಹಾಗೇ ಕರೆಯುತ್ತಾರೆ. ಬಸ್ಸು, ರೇಡಿಯೋ, ಟಿಕೆಟ್ಟುಗಳಂತೆ ಇದೂ ನಮ್ಮ ವಿಭಕ್ತಿ ಪ್ರತ್ಯಯ ಹಚ್ಚಿಕೊಂಡು ಓಡಾಡುತ್ತಿದೆ: ಪಾಡ್‌ಕಾಸ್ಟಿನಲ್ಲಿ, ಪಾಡ್‌ಕಾಸ್ಟಿಗೆ, ಪಾಡ್‌ಕಾಸ್ಟುಗಳು. ನೀವೂ ಧೈರ್ಯವಾಗಿ ಹಾಗೆಯೇ ಬರೆಯಿರಿ. ಮೊಮ್ಮಗನಿಗೆ ಈ ಉತ್ತರ ಓದಿ ಹೇಳಿ. ಅವನಿಗೆ ಇನ್ನೂ ಸಂಶಯವಿದ್ದರೆ, ಅಥವಾ ಬೇರೆ ಪದವೊಂದು ಕಾಡುತ್ತಿದ್ದರೆ, ಈ ಸಲ ಅವನೇ ಬರೆದು ಕಳಿಸಲಿ.